ಗೆಡ್ಡೆಯ ಜೀವವೆಲ್ಲಿದೆ?

ಜಂಗಮಕೋಟೆಯ ಕಡೆ ಹಿಪ್ಪುನೇರಳೆಯನ್ನು ಹೊಸದಾಗಿ ಹಾಕುವ ರೈತನು ಮೂರು ನಾಲ್ಕು ಕಣ್ಣುಗಳುಳ್ಳ ಕಡ್ಡಿಯನ್ನು ಕತ್ತರಿಸಿ ನೆಡುತ್ತಾನೆ. ಚಿಕ್ಕಬಳ್ಳಾಪುರದ ಆಲೂಗೆಡ್ಡೆ ಬೆಳೆಗಾರನು ಬಿತ್ತನೆಯ ಗೆಡ್ಡೆಯನ್ನು ಹೋಳು ಮಾಡಿದರೆ ಪ್ರತಿಯೊಂದು ಹೋಳಿನಲ್ಲಿಯೂ ಕಣ್ಣು ಉಳಿಯುವಂತೆ ನೋಡಿಕೊಳ್ಳುತ್ತಾನೆ. ಕಣ್ಣಿದ್ದಲ್ಲಿ ಚಿಗುರು ಎಂಬುದು ಇಬ್ಬರೂ ಬಲ್ಲ ನಿಯಮ. ಆದರೆ ಇದೇ ಜಿಲ್ಲೆಯಲ್ಲಿ ಬೆಳೆಯುವ, 2015ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿಯ ಪದರವೊಂದನ್ನು ಬಿಡಿಸಿ ನೋಡಿದರೆ ಅದರಲ್ಲಿ ಕಣ್ಣೇ ಕಾಣದು. ಇಂಥ ಪದರಗೆಡ್ಡೆಯನ್ನು ಕತ್ತರಿಸಿ ಸಂತಾನವನ್ನು ಪಡೆಯುವುದು ಹೇಗೆ?

ರಹಸ್ಯವೆಲ್ಲ ಬುಡದಲ್ಲಿದೆ. ಬೇರುಗಳು ಹೊರಡುವ ಗಟ್ಟಿಯಾದ ಬಿಲ್ಲೆಯೇ ನಿಜವಾದ ಕಾಂಡ. ಪದರಗಳು ಆಹಾರವನ್ನು ಕೂಡಿಟ್ಟುಕೊಂಡ ಎಲೆಗಳು. ನಡುವಣ ಮೊಳಕೆಯು ಬಲವಾಗಿರುವಾಗ ಬೇರೆ ಮೊಳಕೆಗಳನ್ನು ಏಳಗೊಡುವುದಿಲ್ಲ. ಗೆಡ್ಡೆಯನ್ನು ಸೀಳಿದರೆ ಆ ತಡೆ ತಪ್ಪಿ, ಪದರವು ಬಿಲ್ಲೆಗೆ ಅಂಟಿದ ಸಂದಿಯಲ್ಲಿ ಮರಿಗೆಡ್ಡೆ ಮೂಡುತ್ತದೆ.

ನಮ್ಮ ಕೈತೋಟಗಳಲ್ಲಿ ಅಮರಿಲ್ಲಿಸ್ ಎಂದು ಕರೆಯಲ್ಪಡುವ ಹಿಪ್ಪಿಯಾಸ್ಟ್ರಮ್ ಗಿಡದಲ್ಲಿ ಇದನ್ನು ಪರೀಕ್ಷಿಸಬಹುದು. ಗಿಡವು ವಿಶ್ರಾಂತಿಯಲ್ಲಿರುವಾಗ ಗೆಡ್ಡೆಯನ್ನು ಕಿತ್ತು, ಬೇರನ್ನೂ ಒಣ ಸಿಪ್ಪೆಯನ್ನೂ ತೆಗೆದು, ತುದಿಯನ್ನು ಕೊಯ್ದು ತಲೆಕೆಳಗಾಗಿ ನಿಲ್ಲಿಸಬೇಕು. ಬಿಲ್ಲೆಯ ನಡುವಿನಿಂದ 8 ಅಥವಾ 16 ಹೋಳುಗಳಾಗಿ ಸೀಳುವುದು ಮೊದಲನೆಯ ಕ್ರಮ. ಆ ಹೋಳುಗಳನ್ನು ಮತ್ತೆ ಎರಡೆರಡು ಪದರಗಳಾಗಿ, ಒಂದೊಂದು ಜೋಡಿಗೂ ಬಿಲ್ಲೆಯ ತುಣುಕು ಸೇರಿರುವಂತೆ ಬಿಡಿಸುವುದು ಎರಡನೆಯದು. ಇದರಿಂದ ದಪ್ಪ ಗೆಡ್ಡೆಯೊಂದಕ್ಕೆ ಸುಮಾರು 60 ಜೋಡಿಗಳು ದೊರೆಯಬಹುದು. ಬೂಷ್ಟುನಾಶಕ ದ್ರವದಲ್ಲಿ ಅದ್ದಿದ ತುಂಡುಗಳನ್ನು ಅಲ್ಪ ತೇವದ ವರ್ಮಿಕ್ಯುಲೈಟಿನೊಡನೆ ಪಾಲಿಥೀನ್ ಚೀಲದಲ್ಲಿಟ್ಟು, ಸುಮಾರು 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಕತ್ತಲೆಯಲ್ಲಿ 12 ವಾರ ಕಾಯಬೇಕು. ಬಳಿಕ ಮರಿಗಳನ್ನು ಕುಂಡಕ್ಕೆ ಹಾಕಿದರೆ, ಹೂವಿಗೆ ಇನ್ನೂ ಎರಡು ಮೂರು ವರ್ಷ ಹಿಡಿಯುತ್ತದೆ.

ಈ ಗಿಡದ ಬಂಧುವಾದ, ಚಳಿದೇಶಗಳ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿಯ ಹೂವನ್ನು ಹೆಚ್ಚಿಸುವುದೂ ಹೀಗೆಯೇ. ಅದರ ಅಪೂರ್ವ ತಳಿಗಳು ತಾವಾಗಿ ಬಹು ನಿಧಾನವಾಗಿ ಮರಿಹಾಕುತ್ತವೆ. ಬ್ರಿಟನ್ನಿನಲ್ಲಿ 2012ರಲ್ಲಿ ಒಂದೇ ಗೆಡ್ಡೆ 725 ಪೌಂಡಿಗೆ ಮಾರಾಟವಾಯಿತು. ಬೀಜದಿಂದ ಹುಟ್ಟಿದ ಗಿಡವು ತಾಯಿಯನ್ನು ಹೋಲದೆ ಇರಬಹುದು. ಹೋಳಿನಿಂದ ಹುಟ್ಟಿದುದು ತಾಯಿಯೇ.

ಲಾಭವಿದ್ದಲ್ಲಿಯೇ ಅಪಾಯವೂ ಉಂಟು. ತಾಯಿಯ ಹೂವಿನಂತೆ ತಾಯಿಯ ರೋಗವೂ ಮರಿಗಳಿಗೆ ಬರುತ್ತದೆ. ಎಲೆಗಳಲ್ಲಿ ಹಳದಿ ಮಚ್ಚೆಗಳನ್ನು ತರುವ ಮೊಸಾಯಿಕ್ ವೈರಸ್ ಚಾಕುವಿಗಂಟಿದ ರಸದಿಂದಲೇ ಹರಡಬಲ್ಲುದು. ಆದುದರಿಂದ ಮಚ್ಚೆಯೆಲೆಯ ಗಿಡದ ಗೆಡ್ಡೆಯನ್ನು ಕತ್ತರಿಸಲಾಗದು. ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಚಾಕುವನ್ನು ಸ್ಪಿರಿಟ್ಟಿನಿಂದ ಒರಸತಕ್ಕದ್ದು. ಪ್ರಿಯವಾದ ಗೆಡ್ಡೆ ಒಂದೇ ಇದ್ದವರು, ಮೊದಲು ಸಾಧಾರಣವಾದ ಗೆಡ್ಡೆಯೊಂದರ ಮೇಲೆ ಕೈ ಪಳಗಿಸಿಕೊಳ್ಳುವುದು ಲೇಸು.