ಮತಂಗ ಪರ್ವತಕ್ಕೆ ಮೂರು ದಾರಿ

ಹಂಪೆಗೆ ಹೋಗಿ ಬಂದವರನ್ನು ಏನೇನು ನೋಡಿದಿರೆಂದು ಕೇಳಿದರೆ ವಿರೂಪಾಕ್ಷನ ಗುಡಿ, ಕಲ್ಲಿನ ರಥ, ಕಮಲ ಮಹಲು ಎಂದು ಬೆರಳು ಮಡಿಸುತ್ತಾರೆ. ಇವೆಲ್ಲ ಒಂದು ಮಹಾನಗರದ ಬಿಡಿ ಅಂಗಗಳು. ಆ ನಗರವನ್ನು ಇಡಿಯಾಗಿ ಕಾಣಬೇಕಾದರೆ ಮತಂಗ ಪರ್ವತವನ್ನು ಏರಬೇಕು. ಹಂಪೆಯ ಸುತ್ತಣ ಗುಡ್ಡಗಳಲ್ಲಿ ಎತ್ತರವಾದುದು ಇದೇ. ಏರಲು ಅರ್ಧ ಗಂಟೆಗಿಂತ ಬಹಳ ಹೆಚ್ಚೇನೂ ಹಿಡಿಯದು. ಆದರೆ ಯಾವ ದಾರಿಯಿಂದ ಏರುವುದೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡುವುದು ಲೇಸು.

ಹೆಸರಿನ ಕಥೆ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿದೆ. ವಾಲಿ ದುಂದುಭಿಯನ್ನು ಕೊಂದು ಅವನ ದೇಹವನ್ನು ಬೀಸಿ ಎಸೆದಾಗ, ನೆತ್ತರ ಹನಿಗಳು ಮತಂಗ ಮುನಿಯ ಆಶ್ರಮದಲ್ಲಿ ಬಿದ್ದುವು. ಇಲ್ಲಿಗೆ ಕಾಲಿಟ್ಟರೆ ಸಾಯುವೆ ಎಂದು ಮುನಿ ಶಪಿಸಿದನು. ವಾಲಿ ಬರಲಾರದ ಆ ಎಡೆಯೇ ಸುಗ್ರೀವನಿಗೆ ಆಸರೆಯಾಯಿತು. ಬಲಶಾಲಿಗೆ ನಿಷಿದ್ಧವಾಗಿ ದುರ್ಬಲನನ್ನು ಕಾಯ್ದ ನೆಲವಿದು. ಇಂಥ ಬೆಟ್ಟವನ್ನು ತೋಳ್ಬಲದ ಪರೀಕ್ಷೆಗೆಂದು ಏರುವುದು ತರವಲ್ಲ.

ಮೊದಲನೆಯ ದಾರಿ ದಕ್ಷಿಣದ್ದು. ಹಂಪೆ-ಕಮಲಾಪುರ ರಸ್ತೆಯಿಂದ ಇಳಿದು, ವಿಜಯನಗರದ ಕಾಲದಿಂದ ಹರಿಯುತ್ತಿರುವ ತುರುತ್ತು ಕಾಲುವೆಯನ್ನು ದಾಟಿ ಬಾಳೆಯ ತೋಟಗಳ ನಡುವೆ ಸಾಗಿದರೆ ಬೆಟ್ಟದ ಬುಡ ಸಿಗುತ್ತದೆ. ಅಲ್ಲಿಂದ ಹಾಸುಗಲ್ಲಿನ ಇಳಿಜಾರೂ ಮೆಟ್ಟಿಲುಗಳೂ ಶಿಖರದವರೆಗೆ ಒಯ್ಯುತ್ತವೆ. ಹೊಸಬರಿಗೂ ಮಕ್ಕಳಿರುವ ಸಂಸಾರಕ್ಕೂ ಇದೇ ಯೋಗ್ಯವಾದ ದಾರಿ.

ಎರಡನೆಯದು ವಿರೂಪಾಕ್ಷ ಬೀದಿಯ ಪೂರ್ವದ ತುದಿಯಲ್ಲಿ, ಎದುರು ಬಸವಣ್ಣನ ಪಕ್ಕದಿಂದ ಹೊರಡುತ್ತದೆ. ಹತ್ತಿರವೆಂದು ತೋರಿದರೂ ಕಡಿದಾದುದು. ಬಂಡೆಗಳ ನಡುವೆ ಜಾಡು ತಪ್ಪುವ ಸಂಭವವುಂಟು. ಮೂರನೆಯದು ಪೂರ್ವದ ತಪ್ಪಲಿನ ಅಚ್ಯುತರಾಯ ದೇವಾಲಯದ ಕಡೆಯಿಂದ ಬರುತ್ತದೆ. 1534ರಲ್ಲಿ ಪ್ರತಿಷ್ಠೆಗೊಂಡ ಆ ಗುಡಿಯನ್ನು ನೋಡಿ ಬರುವವರಿಗೆ ಅದು ಅನುಕೂಲ. ಆದರೆ ಜನಸಂಚಾರ ವಿರಳ, ಒಬ್ಬಂಟಿಯಾಗಿ ಹೋಗಬಾರದು.

ದಾರಿ ಬಿಟ್ಟು ಬಂಡೆಯಿಂದ ಬಂಡೆಗೆ ಹಾರಿದರೇನು ಎಂದು ತರುಣರು ಕೇಳಬಹುದು. ಈ ಗುಂಡುಗಳನ್ನು ವಾನರರು ಎಸೆದಾಡಿದರೆಂದು ಜನ ಹೇಳುವುದುಂಟು. ನಿಜವಾಗಿ ಇವು ಇದ್ದೆಡೆಯಲ್ಲೇ ರೂಪುಗೊಂಡವು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆಯ ಬಿರುಕುಗಳಲ್ಲಿ ನೀರಿಳಿದು, ಅಂಚುಗಳು ಸವೆದು, ಮಣ್ಣು ಕೊಚ್ಚಿಹೋಗಿ, ಗಟ್ಟಿಯಾದ ತಿರುಳು ಮಾತ್ರ ಒಂದರ ಮೇಲೊಂದು ಉಳಿಯಿತು. ಅವುಗಳ ನಡುವಣ ಸಂದುಗಳು ಆಳವಾದುವು. ಮೈ ಸವೆದು ನುಣುಪಾಗಿರುವ ಕಡೆ ಪಾದ ಜಾರುತ್ತದೆ, ಮಳೆ ಬಿದ್ದಾಗಲಂತೂ ಹೇಳಬೇಕಾಗಿಲ್ಲ. ಹಿಂದಿನವರು ಇದನ್ನೆಲ್ಲ ಅರಿತೇ ಕಲ್ಲು ಹಾಸಿದರು. ಛಾಯಾಚಿತ್ರದ ಆಸೆಗಾಗಿ ಅವರ ವಿವೇಕವನ್ನು ಮೀರಬೇಡಿ.

ಶಿಖರದಲ್ಲಿ ವೀರಭದ್ರನ ಗುಡಿಯಿದೆ. ಅಲ್ಲಿ ನಿಂತು ಉತ್ತರಕ್ಕೆ ನೋಡಿದರೆ ತುಂಗಭದ್ರೆ, ಆಚೆಗೆ ಆನೆಗೊಂದಿಯ ಬೆಟ್ಟಗಳು. ಪಶ್ಚಿಮಕ್ಕೆ ವಿರೂಪಾಕ್ಷನ ಗೋಪುರ. ಕೆಳಗೆ ಅಚ್ಯುತರಾಯನ ಗುಡಿ ಮತ್ತು ಅದರಿಂದ ಹೊಳೆಯ ಕಡೆಗೆ ಗೆರೆ ಎಳೆದಂತೆ ಸಾಗಿದ ಪೇಟೆಬೀದಿ. ದಕ್ಷಿಣಕ್ಕೆ ಅರಮನೆಯ ಆವರಣಗಳು. ಆಕಾಶ ತಿಳಿಯಾಗಿದ್ದರೆ ಸಂಡೂರಿನ ಬೆಟ್ಟಸಾಲೂ ಕಾಣುತ್ತದೆ. ಅರಮನೆಯ ನೇರ ಉತ್ತರಕ್ಕೆ ಈ ಶಿಖರ ಬರುವಂತೆ ನಗರವನ್ನು ಹೊಂದಿಸಿದ್ದರೆಂದು ವಿದ್ವಾಂಸರು ಅಳೆದು ತೋರಿಸಿದ್ದಾರೆ.

ಸೂರ್ಯೋದಯ, ಸೂರ್ಯಾಸ್ತಗಳಿಗಾಗಿಯೇ ಬಹಳ ಮಂದಿ ಏರುತ್ತಾರೆ. ಅಪಾಯವಿರುವುದೂ ಆ ಹೊತ್ತಿನಲ್ಲಿಯೇ. ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಕತ್ತಲೆ ಕವಿಯುತ್ತದೆ. ಏರುವಾಗ ಕಂಡ ಮೆಟ್ಟಿಲು ಇಳಿಯುವಾಗ ಕಾಣದು. ಕರಡಿ, ಚಿರತೆಗಳಿರುವ ಸೀಮೆಯಿದು. ಆದುದರಿಂದ ಜೊತೆಗಾರರಿರಲಿ, ಟಾರ್ಚು ಇರಲಿ, ದಕ್ಷಿಣದ ದಾರಿಯೇ ಇರಲಿ. ಏರಿದ ದಾರಿಯಲ್ಲೇ ಇಳಿಯಿರಿ. ಮೇಲೆ ನೀರು ಸಿಗುವುದೆಂದು ನಂಬದೆ ಕೈಯಲ್ಲಿಯೇ ಒಯ್ಯಿರಿ. ಬಿಸಿಲೇರಿದ ಮೇಲೆ ಹೊರಡಬೇಡಿ. ಕಾದ ಬಂಡೆ ಮೇಲಿನಿಂದಲೂ ಕೆಳಗಿನಿಂದಲೂ ಸುಡುತ್ತದೆ.

ಮೊಣಕಾಲು ನೋವಿನ ಹಿರಿಯರು ನಿರಾಶರಾಗಬೇಕಾಗಿಲ್ಲ. ವಿರೂಪಾಕ್ಷನ ಗುಡಿಯ ಮಗ್ಗುಲಲ್ಲೇ ಇರುವ ಹೇಮಕೂಟದ ಸೌಮ್ಯವಾದ ಬಂಡೆಯ ಮೇಲೆ ನಿಂತು ಅವರು ಮತಂಗವನ್ನೇ ಕಣ್ತುಂಬ ನೋಡಬಹುದು. ಏರಲಾಗದವರನ್ನು ಅಲ್ಲಿ ಕೂರಿಸಿ ಬನ್ನಿ. ಬೇಗ ಇಳಿದು ಬರುವುದಕ್ಕೆ ನಿಮಗೂ ಒಂದು ಕಾರಣವಿರುತ್ತದೆ.