ಬೇಲಾಪುರದ ಬಾಲ್ಕನಿಯಲ್ಲಿ ನೇತ್ರಾಣಿಯ ಸ್ಪ್ರಿಂಗು

ಸಿಬಿಡಿ ಬೇಲಾಪುರದ ಆ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಸರಳಿಗೆ ಉಕ್ಕಿನ ಸ್ಪ್ರಿಂಗೊಂದು ನೇತಾಡುತ್ತಿತ್ತು. ಅದರ ಕೆಳತುದಿಗೆ ಲಗೇಜು ತೂಗುವ ಕೊಕ್ಕೆ ತಕ್ಕಡಿ. ಮನೆಯೊಡೆಯರು ತಕ್ಕಡಿಯನ್ನು ಕೆಳಗೆಳೆದರು. ಸ್ಪ್ರಿಂಗು ಐದು ಸೆಂಟಿಮೀಟರ್ ಹಿಗ್ಗಿದಾಗ ಎಷ್ಟು ಅಂಕಿ ಬಂತೆಂದು ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಅದರ ಜೋಡಿಯನ್ನು ತೂಗುಹಾಕಿ ಅಷ್ಟೇ ಎಳೆದರು. ‘ಎರಡರದ್ದೂ ಎಳೆತ ಒಂದೇ ಇರ್ಬೇಕು ಮಾರಾಯ್ರೆ. ಇಲ್ಲದಿದ್ರೆ ಒಂದು ಕಾಲು ಬಿಗಿ, ಇನ್ನೊಂದು ಸಡಿಲ.’

ಇವರು ಉಡುಪಿ ಕಡೆಯವರು. ಠಾಣೆ–ಬೇಲಾಪುರ ಕೈಗಾರಿಕಾ ಪಟ್ಟಿಯ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮಳೆಗಾಲ ಕಳೆದು ಊರಿಗೆ ಹೋದಾಗೆಲ್ಲ ಮುರುಡೇಶ್ವರದಿಂದ ದೋಣಿ ಹತ್ತಿ, ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡುತ್ತಾರೆ. ಬೇಲಾಪುರದಲ್ಲಿ ಅವರಿಗೆ ಸಿಗುವ ಸಮುದ್ರವೆಂದರೆ ಪನವೇಲ್ ಖಾಡಿ. ಅಲ್ಲಿ ಮುಳುಗಿದರೆ ಸ್ವಂತ ಅಂಗೈಯೂ ಕಾಣದಷ್ಟು ಕೆಸರು. ಹಾಗಾಗಿ ಈಜುವ ಆಸೆಯನ್ನೆಲ್ಲ ಅವರು ಬಾಲ್ಕನಿಯಲ್ಲಿ ಕೂತು ಸಲಕರಣೆ ಮಾಡುವುದರಲ್ಲಿ ತೀರಿಸಿಕೊಳ್ಳುತ್ತಾರೆ ಎಂಬುದು ನನ್ನ ಗುಮಾನಿ.

ಕಾಲಿಗೆ ಕಟ್ಟುವ ಫಿನ್ನಿನ ಚರಿತ್ರೆ ತೀರ ಹಳೆಯದಲ್ಲ. ಫ್ರಾನ್ಸಿನ ಲೂಯಿ ದ ಕೊರ್ಲ್ಯೂ ಅದಕ್ಕೆ ಪೇಟೆಂಟ್ ಪಡೆದದ್ದು 1933ರಲ್ಲಿ. 1943ರಲ್ಲಿ ಕೂಸ್ತೋ ಮತ್ತು ಗಾನ್ಯಾನ್ ಜೋಡಿ ಉಸಿರಾಟದ ಯಂತ್ರವನ್ನು ಹದಗೊಳಿಸಿದ ಮೇಲೆ ಫಿನ್ ಎಲ್ಲ ಮುಳುಗುಗಾರರ ಕಾಲಿಗೂ ಏರಿತು. 1960ರ ದಶಕದಲ್ಲಿ ಬಂದ ದಪ್ಪ ರಬ್ಬರಿನ ಜೆಟ್ ಫಿನ್ ಇಂದಿಗೂ ಮಾರಾಟದಲ್ಲಿದೆ. ಫಿನ್ ಗಟ್ಟಿ. ಮೊದಲು ಕೈಕೊಡುವುದು ಅದನ್ನು ಹಿಮ್ಮಡಿಗೆ ಬಿಗಿಯುವ ರಬ್ಬರ್ ಪಟ್ಟಿ. ಬಿಸಿಲು, ಉಪ್ಪು, ವಯಸ್ಸು ಮೂರೂ ಸೇರಿ ಅದನ್ನು ಬಿರುಕು ಬಿಡಿಸುತ್ತವೆ. ‘ತುಂಡಾಗುದು ಯಾವಾಗ ಗೊತ್ತುಂಟಾ? ದೋಣಿಯ ಅಂಚಲ್ಲಿ ಕೂತು ಎಳೀವಾಗಲೇ!’

ಆ ರಬ್ಬರ್ ಪಟ್ಟಿಯ ಬದಲಿಗೆ ಇವರು ಬಿಗಿಯುವುದು ಬಾಲ್ಕನಿಯಲ್ಲಿ ನೇತಾಡುತ್ತಿದ್ದಂಥ ಸ್ಪ್ರಿಂಗನ್ನು. ಅದರ ನಿಜವಾದ ಲಾಭ ಕಾಣುವುದು ನೀರಿನಡಿಯಲ್ಲಿ. ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು. ನಿಯೋಪ್ರಿನ್ ಬೂಟಿನೊಳಗೆ ಹುದುಗಿದ ಗಾಳಿಗುಳ್ಳೆಗಳು ಕುಗ್ಗಿ ಬೂಟು ತೆಳುವಾಗುತ್ತದೆ. ಮೇಲೆ ಬಿಗಿಯಾಗಿದ್ದ ಪಟ್ಟಿ ಕೆಳಗೆ ಸಡಿಲ. ಸ್ಪ್ರಿಂಗಾದರೆ ಆ ಸಡಿಲವನ್ನು ತಾನೇ ಎಳೆದುಕೊಳ್ಳುತ್ತದೆ. ಬಕಲಿನ ಗೋಜೂ ಇಲ್ಲ.

ಅಂಗಡಿಯಲ್ಲಿ ಸಿದ್ಧ ಸ್ಪ್ರಿಂಗ್ ಪಟ್ಟಿ ಸಿಗುತ್ತದೆ. ಆದರೂ ಇವರು ಹಾರ್ಬರ್ ಲೈನ್ ಹಿಡಿದು ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು, ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಗಲ್ಲಿಗಳಲ್ಲಿ ಅಲೆಯುತ್ತಾರೆ. ಹುಡುಕುವುದು ಎಳೆದರೆ ಹಿಗ್ಗುವ, ಸುರುಳಿ ಸುರುಳಿಗೆ ತಾಗಿ ಕೂತ ಟೆನ್ಷನ್ ಸ್ಪ್ರಿಂಗು. ತಂತಿಯ ದಪ್ಪವನ್ನು ಅವರು ವರ್ನಿಯರ್‌ನಲ್ಲಿ ಅಳೆಯದೆ ಬಿಡುವುದಿಲ್ಲ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಸುರುಳಿಯ ಅಗಲವೂ ಸುತ್ತುಗಳೂ ಅಷ್ಟೇ ಇದ್ದು, ತಂತಿ 1.2 ಮಿಲಿಮೀಟರಿನಿಂದ 1.5 ಆದರೆ ಎಳೆತ ಸುಮಾರು 2.4 ಪಟ್ಟು. ಕಣ್ಣಿಗೆ ಎರಡೂ ಒಂದೇ, ಹಿಮ್ಮಡಿಗೆ ಅಲ್ಲ.

ಇನ್ನು ಅಯಸ್ಕಾಂತದ ಕಥೆ. ನನ್ನ ಅರ್ಧ ದಿನ ನುಂಗಿದ್ದು ಇದೇ. ಪೇಟೆಯಲ್ಲಿ ಸ್ಟೇನ್‌ಲೆಸ್ ಕೇಳಿದರೆ ಅಂಗಡಿಯವರು ಮೊದಲು ಅಯಸ್ಕಾಂತ ತೆಗೆಯುತ್ತಾರೆ. ಅಂಟಲಿಲ್ಲವೇ? ಹಾಗಾದರೆ ಪಕ್ಕಾ 316 ದರ್ಜೆ, ಸಮುದ್ರಕ್ಕೆ ಹೇಳಿ ಮಾಡಿಸಿದ್ದು. ಅಂಟಿತೇ? ಕಳಪೆ ಕಬ್ಬಿಣ. ಇವರು ಮೇಜಿನ ಮೇಲೆ ಮೂರು ಸಾಮಾನು ಇಟ್ಟು ನನ್ನ ಕೈಗೆ ಅಯಸ್ಕಾಂತ ಕೊಟ್ಟರು. ಅಡುಗೆಮನೆಯ 304 ತಟ್ಟೆಗೆ ಅದು ಅಂಟಲಿಲ್ಲ. ಅದೇ 304ರ ಸ್ಪ್ರಿಂಗಿಗೆ ಚೆನ್ನಾಗಿ ಹಿಡಿಯಿತು. 316ರ ಸ್ಪ್ರಿಂಗೂ ಸಣ್ಣಗೆ ಎಳೆಯಿತು!

ಕಾರಣ ತಂತಿ ಎಳೆಯುವ ಕ್ರಮದಲ್ಲಿದೆ. ಸ್ಪ್ರಿಂಗಿನ ತಂತಿಯನ್ನು ಕಾಯಿಸದೆ, ಅಚ್ಚಿನ ಕಿರಿದಾದ ತೂತುಗಳಲ್ಲಿ ಮತ್ತೆ ಮತ್ತೆ ಎಳೆದು ಸಪುರ ಮಾಡುತ್ತಾರೆ. ಆ ಹಿಂಸೆಗೆ ಉಕ್ಕಿನೊಳಗಿನ ಅಯಸ್ಕಾಂತಕ್ಕೆ ಒಲಿಯದ ಆಸ್ಟೆನೈಟ್ ರಚನೆಯ ಒಂದಷ್ಟು ಭಾಗ ಅಯಸ್ಕಾಂತಕ್ಕೆ ಒಲಿಯುವ ಮಾರ್ಟೆನ್ಸೈಟ್ ಆಗುತ್ತದೆ. 316ರಲ್ಲಿ ನಿಕ್ಕೆಲ್ ಹೆಚ್ಚಿರುವುದರಿಂದ ಈ ಬದಲಾವಣೆ ಕಡಿಮೆ. ಅಂದಮೇಲೆ ತಟ್ಟೆ, ತಗಡಿನಲ್ಲಿ ಅಯಸ್ಕಾಂತ 304 ಮತ್ತು 316ರ ನಡುವೆ ಭೇದ ಕಾಣಿಸದು. ಸ್ಪ್ರಿಂಗಿನಲ್ಲಿ ಒಳ್ಳೆಯ ಉಕ್ಕಿನ ಮೇಲೂ ಗೂಬೆ ಕೂರಿಸುತ್ತದೆ. ಉಪ್ಪುನೀರಿಗೆ ಬೇಕಾದ ವ್ಯತ್ಯಾಸ 316ರಲ್ಲಿ ಶೇ 2ರಿಂದ 3ರಷ್ಟಿರುವ ಮಾಲಿಬ್ಡಿನಮ್. ಗುಜರಿ ವ್ಯಾಪಾರಿಗಳು ಅದನ್ನು ಗುರುತಿಸಲು ಒಂದು ತೊಟ್ಟು ರಾಸಾಯನಿಕ ಹಾಕಿ ಬ್ಯಾಟರಿ ತಾಗಿಸಿ ಬಣ್ಣ ನೋಡುತ್ತಾರೆ. ಅಂಗಡಿಯವರ ಖಡಕ್ ಆತ್ಮವಿಶ್ವಾಸಕ್ಕಿಂತ ಗುಜರಿಯವರ ಈ ಒಂದು ತೊಟ್ಟನ್ನು ನಾನು ನಂಬುತ್ತೇನೆ.

ಜೋಡಿಸುವ ಕೆಲಸ ಮಾತಿನಲ್ಲಿ ಸುಲಭ. ಬೂಟು ಹಾಕಿ ಫಿನ್ನಿನೊಳಗೆ ಕಾಲಿಟ್ಟು, ಒಂದು ಬದಿಯ ಗೂಟದಿಂದ ಹಿಮ್ಮಡಿ ಸುತ್ತಿ ಇನ್ನೊಂದು ಗೂಟದವರೆಗೆ ದಾರ ಹಿಡಿದು ಅಳೆಯಬೇಕು. ಸ್ಪ್ರಿಂಗು ಅದಕ್ಕಿಂತ ಗಿಡ್ಡವಿರಬೇಕು, ತುದಿಗಳಿಗೆ ಸ್ಟೇನ್‌ಲೆಸ್ ಶ್ಯಾಕಲ್. ಇಂಥ ಸ್ಪ್ರಿಂಗು ಹೆಚ್ಚಾಗಿ ಮುರಿಯುವುದು ತುದಿಯ ಕೊಕ್ಕೆ ಬಾಗಿದ ಜಾಗದಲ್ಲಿ. ಅದಕ್ಕೇ ಸ್ಪ್ರಿಂಗಿನ ಹೊಟ್ಟೆಯೊಳಗೆ ನೈಲಾನ್ ಹಗ್ಗ ತೂರಿಸಿ ಎರಡೂ ಶ್ಯಾಕಲ್‌ಗೆ ಕಟ್ಟುತ್ತಾರೆ. ಹಗ್ಗ ತುಸು ಉದ್ದವಿರಬೇಕು: ಸ್ಪ್ರಿಂಗು ಅತಿಯಾಗಿ ಹಿಗ್ಗದಂತೆ ತಡೆಯಬೇಕು, ಕೊಕ್ಕೆ ಮುರಿದರೂ ಫಿನ್ ಸಮುದ್ರದ ಪಾಲಾಗಬಾರದು. ಹಿಂದೆ ಎಳೆಯಲು ಚೀಲದ ಪಟ್ಟಿಯದೊಂದು ಕುಣಿಕೆ. ಹಗ್ಗವಿಲ್ಲದ ಸ್ಪ್ರಿಂಗನ್ನು ಇವರು ತಮ್ಮ ಡೈವ್ ಗೆಳೆಯರಿಗೂ ಕೊಡುವುದಿಲ್ಲ.

ನನಗೆ ಹೊಳೆದ ಸುಧಾರಣೆ: ಸ್ಪ್ರಿಂಗಿಗೆ ಪ್ಲಾಸ್ಟಿಕ್ ತೋಳು ತೊಡಿಸಿ, ಬಿಸಿಗಾಳಿಯಲ್ಲಿ ಕುಗ್ಗಿಸಿ ಮುಚ್ಚಿದರೆ ಬೂಟೂ ಸವೆಯದು, ಉಕ್ಕೂ ತುಕ್ಕು ಹಿಡಿಯದು. ಅವರು ನಕ್ಕರು. ಸ್ಟೇನ್‌ಲೆಸ್ಸಿನ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಗಾಯವಾದಾಗ ತಾನೇ ಮಾಯಬೇಕಾದರೆ ಆಮ್ಲಜನಕ ಬೇಕು. ತೋಳಿನಡಿ ಸಿಕ್ಕಿಬಿದ್ದ ಉಪ್ಪುನೀರಿನಲ್ಲಿ ಅದು ತೀರಿಹೋಗುತ್ತದೆ. ಕಾಣದ ಜಾಗದಲ್ಲಿ 316ಕ್ಕೂ ಗುಳಿ ಬೀಳುತ್ತದೆ. ಹಿಮ್ಮಡಿ ತಾಗುವಲ್ಲಿ ಮಾತ್ರ ಬಿಚ್ಚಿ ತೆಗೆಯಬಹುದಾದ ಬಟ್ಟೆಯ ತುಂಡು, ಉಳಿದದ್ದು ಬರಿಮೈ. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಬೇಕು.

ಹಣ ಉಳಿಸುವುದೇ ಗುರಿಯಾದರೆ ಈ ದಾರಿ ಬೇಡ. ರೈಲು, ಅಲೆದಾಟ, ವ್ಯರ್ಥವಾದ ಸ್ಪ್ರಿಂಗು ಎಲ್ಲ ಸೇರಿಸಿದರೆ ಅಂಗಡಿಯದೇ ಅಗ್ಗವಾದೀತು. ಕೈಯಾರೆ ಮಾಡಲೇಬೇಕೆನ್ನುವವರು ಮೊದಲು ಈಜುಕೊಳದಲ್ಲಿ ಪರೀಕ್ಷಿಸಿ, ಹಳೆಯ ರಬ್ಬರ್ ಪಟ್ಟಿಯನ್ನು ಚೀಲದಲ್ಲೇ ಇಟ್ಟುಕೊಳ್ಳಲಿ. ಇಷ್ಟೆಲ್ಲ ಲೆಕ್ಕ ಹಾಕಿದ ಈ ಮನುಷ್ಯರೂ ನೇತ್ರಾಣಿಗೆ ಹೊರಡುವಾಗ ಅದನ್ನು ಮರೆಯುವುದಿಲ್ಲ.