ಕೋಲಾರದ ಕಪ್ಪುಶಿಲೆ: ಬಿರಿದ ನೆಲದ ಸಾಕ್ಷ್ಯ

ಸ್ಥಳನಾಮಗಳ ಅಧ್ಯಯನದಲ್ಲಿ ತೊಡಗಿದವರಿಗೆ ಬಂಗಾರಪೇಟೆ ಒಂದು ಎಚ್ಚರಿಕೆಯ ನಿದರ್ಶನವಾಗಿದೆ. ಚಿನ್ನದ ಗಣಿಗೆ ಹೋಗುವ ರೈಲುಮಾರ್ಗ ಇಲ್ಲಿಂದಲೇ ಕವಲೊಡೆಯುವುದರಿಂದ, ಊರಿಗೆ ಬಂಗಾರದ ಹೆಸರು ಮೊದಲಿನಿಂದಲೂ ಇದ್ದಿರಬೇಕೆಂದು ಹೊರಗಿನವರು ಭಾವಿಸುತ್ತಾರೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆಯೇ ಮುಂದೆ ಬಂಗಾರಪೇಟೆಯಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಗಣಿಪ್ರದೇಶದ ಪಶ್ಚಿಮದಲ್ಲಿರುವ ಎರ್ರಕೊಂಡದ ಹೆಸರು ನೇರವಾಗಿ ಕಲ್ಲಿನಿಂದಲೇ ಬಂದಂತಿದೆ. ಕಬ್ಬಿಣಾಂಶವುಳ್ಳ ಶಿಲೆಯ ಆ ಸಾಲನ್ನು ತೆಲುಗು ಮಾತಾಡುವ ಜನ ‘ಕೆಂಪು ಬೆಟ್ಟ’ವೆಂದು ಕರೆದರು. ಹೆಸರು ಕೆಲವೊಮ್ಮೆ ನೆಲದ ಸ್ವರೂಪವನ್ನು ತಿಳಿಸುತ್ತದೆ, ಕೆಲವೊಮ್ಮೆ ಮರೆಮಾಡುತ್ತದೆ. ಭೂವಿಜ್ಞಾನಿಗಳು ‘ಕೋಲಾರ ಷಿಸ್ಟ್ ಪಟ್ಟಿ’ ಎಂದು ಕರೆಯುವ ಶಿಲಾಸಮೂಹದ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗಿದೆ. ಹೆಸರು ಒಂದು, ಹುಟ್ಟು ಎರಡು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಚಾಚಿಕೊಂಡಿದೆ. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಎರಡೂ ಬದಿಗೆ ನೈಸ್ ಮತ್ತು ಗ್ರಾನೈಟ್ ಶಿಲೆಗಳು, ನಡುವೆ ಕಪ್ಪು-ಹಸಿರು ಛಾಯೆಯ ಆಂಫಿಬೊಲೈಟ್. ಹಿಂದಿನ ಗಣಿ ಎಂಜಿನಿಯರುಗಳು ಇದನ್ನೇ ಹಾರ್ನ್‌ಬ್ಲೆಂಡ್ ಷಿಸ್ಟ್ ಎಂದು ಬರೆದಿಟ್ಟರು. ಚಿನ್ನವನ್ನು ಹೊತ್ತ ಬೆಣಚುಕಲ್ಲಿನ ಎಳೆಗಳು ಈ ಶಿಲೆಯೊಳಗೇ ಇವೆ. ಆದರೆ ಅದು ಮೂಲದಲ್ಲಿ ಲಾವಾ. ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಅದರ ಖನಿಜಗಳು ಬದಲಾದರೂ, ಕೆಲವೆಡೆ ದಿಂಬುಗಳನ್ನು ಒಟ್ಟಿದಂತಹ ಆಕೃತಿಗಳು ಉಳಿದುಕೊಂಡಿವೆ. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಟ್ಟನೆ ಗಟ್ಟಿಯಾಗುತ್ತದೆ. ಒಳಗಿನ ದ್ರವ ಆ ಸಿಪ್ಪೆಯನ್ನು ಸೀಳಿ ಹೊರಬಂದು ಮತ್ತೊಂದು ದಿಂಬಾಗುತ್ತದೆ. ಇಂದು ಕೆರೆಗಳನ್ನೇ ನಂಬಿ ಬದುಕುತ್ತಿರುವ ಈ ಬಯಲುಸೀಮೆಯ ಶಿಲೆಗಳು ಹುಟ್ಟಿದ್ದು ನೀರಿನ ಅಡಿಯಲ್ಲಿ.

ಲಾವಾ ಎಲ್ಲಿಂದ ಬಂತು? ಭೂಮಿಯ ತೊಗಟೆಯ ಕೆಳಗಿರುವ ಮ್ಯಾಂಟಲ್ ಕುದಿಯುವ ದ್ರವವೆಂಬುದು ಜನಜನಿತ ಕಲ್ಪನೆ. ಪಠ್ಯಪುಸ್ತಕದ ಚಿತ್ರಗಳೂ ಈ ತಪ್ಪಿಗೆ ಸ್ವಲ್ಪಮಟ್ಟಿಗೆ ಕಾರಣ. ಮ್ಯಾಂಟಲ್ ಬಹುಪಾಲು ಘನಶಿಲೆಯೇ. ಅಪಾರವಾದ ಒತ್ತಡ ಅದನ್ನು ಕರಗದಂತೆ ಹಿಡಿದಿಟ್ಟಿದೆ. ಎತ್ತರದ ಬೆಟ್ಟದ ಮೇಲೆ ನೀರು ಕಡಿಮೆ ಶಾಖಕ್ಕೇ ಕುದಿಯುವಂತೆ, ಮೇಲೇರುವ ಮ್ಯಾಂಟಲ್ ಶಿಲೆಯೂ ಒತ್ತಡ ತಗ್ಗಿದಾಗ ಹೊಸ ಶಾಖದ ನೆರವಿಲ್ಲದೆಯೇ ಭಾಗಶಃ ಕರಗುತ್ತದೆ. ಮೇಲಿನ ಶಿಲಾಫಲಕಗಳು ಒಂದರಿಂದೊಂದು ದೂರ ಸರಿದು ನೆಲ ಹಿಗ್ಗಿ ತೆಳುವಾದರೆ, ಕೆಳಗಿನ ಶಿಲೆ ಆ ಜಾಗವನ್ನು ತುಂಬಲು ಏರಿಬರುತ್ತದೆ. ಆದ್ದರಿಂದಲೇ ಅಗಲವಾದ ಲಾವಾ ಪ್ರವಾಹಗಳನ್ನು ಹಿಂದೊಮ್ಮೆ ನೆಲ ಬಿರಿದದ್ದರ ಸೂಚನೆಯಾಗಿ ಓದಲಾಗುತ್ತದೆ. ಫಲಕಗಳು ಸರಿಯದಿದ್ದರೂ ಆಳದಿಂದ ಬಿಸಿಶಿಲೆಯ ಕಂಬವೊಂದು ಏರಿ ಬಂದು ಇದೇ ಪರಿಣಾಮವನ್ನುಂಟುಮಾಡಬಹುದು. ಹೀಗಾಗಿ ಲಾವಾ ಇದೆ ಎಂಬ ಒಂದೇ ಆಧಾರ ಸಾಲದು. ಅದರ ರಾಸಾಯನಿಕ ರಚನೆಯನ್ನು ಪರಿಶೀಲಿಸಬೇಕಾಗುತ್ತದೆ.

ಕೋಲಾರದ ಕಪ್ಪುಶಿಲೆಗಳಲ್ಲಿ ಒಂದು ಬಗೆಯದು ಸಾಮಾನ್ಯ ಬಸಾಲ್ಟನ್ನು ಹೋಲುತ್ತದೆ. ಇನ್ನೊಂದು ಬಗೆಯಲ್ಲಿ ಮೆಗ್ನೀಷಿಯಂ ಅತ್ಯಧಿಕ. ಇಂತಹ ಲಾವಾಕ್ಕೆ ದಕ್ಷಿಣ ಆಫ್ರಿಕದ ಕೊಮಾಟಿ ನದಿಯಿಂದ ಕೊಮಾಟಿಯೈಟ್ ಎಂಬ ಹೆಸರು 1969ರಲ್ಲಿ ಬಂದಿತು. ಇಂದಿನ ಬಸಾಲ್ಟ್ ಲಾವಾ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೊರಬಂದರೆ, ಕೊಮಾಟಿಯೈಟ್ ಲಾವಾದ ಶಾಖ 1600 ಡಿಗ್ರಿಯನ್ನು ಮುಟ್ಟಿರಬಹುದೆಂದು ಅಂದಾಜಿಸಲಾಗಿದೆ. ಅಂದರೆ ಆ ಕಾಲದ ಮ್ಯಾಂಟಲ್ ಇಂದಿನದಕ್ಕಿಂತ ಹೆಚ್ಚು ಬಿಸಿಯಾಗಿತ್ತು. ವಿ. ರಾಜಮಣಿ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದ ಮಹತ್ವವಿರುವುದು ಇಲ್ಲಿಯೇ. ಮೆಗ್ನೀಷಿಯಂ ಹೇರಳವಾಗಿರುವ ಲಾವಾ ಹುಟ್ಟಲು ಮ್ಯಾಂಟಲ್ಲಿನ ಅರ್ಧದಷ್ಟಾದರೂ ಕರಗಬೇಕೆಂಬ ಭಾವನೆ ಅಂದು ಪ್ರಚಲಿತವಾಗಿತ್ತು. ಕೋಲಾರದ ಶಿಲೆಗಳಾದರೋ, ಬಹಳ ಆಳದಲ್ಲಿ ಅಲ್ಪ ಪ್ರಮಾಣದ ಕರಗುವಿಕೆಯಿಂದಲೂ ಅದು ಸಾಧ್ಯವೆಂದು ತೋರಿಸಿದವು.

ಆಳದ ಸುಳಿವನ್ನು ಕೊಡುವುದು ವಿರಳ ಭೂಧಾತುಗಳು. ಬಹಳ ಆಳದಲ್ಲಿ ಇರುವ ಗಾರ್ನೆಟ್ ಖನಿಜ ಈ ಗುಂಪಿನ ಭಾರವಾದ ಧಾತುಗಳನ್ನು ತನ್ನಲ್ಲೇ ಹಿಡಿದಿಟ್ಟು ಹಗುರವಾದವನ್ನು ದ್ರವಕ್ಕೆ ಬಿಟ್ಟುಕೊಡುತ್ತದೆ. ಇವುಗಳನ್ನು ಅಳೆದಾಗ ಪಟ್ಟಿಯ ಪೂರ್ವಭಾಗದ ಮತ್ತು ಪಶ್ಚಿಮಭಾಗದ ಲಾವಾಗಳು ಒಂದೇ ರೀತಿಯವಲ್ಲವೆಂದು ತಿಳಿದುಬಂತು. ಪೂರ್ವದವುಗಳಲ್ಲಿ ಹಗುರ ಧಾತುಗಳು ಹೆಚ್ಚು, ಪಶ್ಚಿಮದವುಗಳಲ್ಲಿ ಕಡಿಮೆ. ಸೀಸ ಮತ್ತು ನಿಯೊಡೈಮಿಯಂ ಐಸೊಟೋಪುಗಳ ಅಧ್ಯಯನವೂ ಈ ಭಿನ್ನತೆಯನ್ನು ಪುಷ್ಟೀಕರಿಸಿತು. ಪಶ್ಚಿಮದ ಲಾವಾಗಳ ವಯಸ್ಸು ಸುಮಾರು 270 ಕೋಟಿ ವರ್ಷ. ನಾಲ್ಕು ಹೆಜ್ಜೆಯ ಅಂತರದಲ್ಲಿ ಒಂದೇ ಬಣ್ಣ ತೋರುವ ಈ ಕಲ್ಲುಗಳು ಮ್ಯಾಂಟಲ್ಲಿನ ಬೇರೆ ಬೇರೆ ಇತಿಹಾಸವುಳ್ಳ ಭಾಗಗಳಿಂದ ಬಂದವು.

ಎರಡು ಬದಿಯ ನೈಸ್ ಶಿಲೆಗಳ ಕಥೆಯೂ ಹೀಗೆಯೇ ಇದೆ. ಪಶ್ಚಿಮದ ನೈಸುಗಳಲ್ಲಿ 320 ಕೋಟಿ ವರ್ಷಕ್ಕೂ ಹಳೆಯದಾದ ತೊಗಟೆಯ ಕುರುಹಿದೆ. ಸುಮಾರು 253 ಕೋಟಿ ವರ್ಷದ ಪೂರ್ವದ ನೈಸಿನಲ್ಲಿ ಅದು ಕಾಣುವುದಿಲ್ಲ. ಈ ಆಧಾರಗಳಿಂದ ಕ್ರೋಗ್‌ಸ್ಟಾಡ್, ಬಾಲಕೃಷ್ಣನ್, ಮುಖೋಪಾಧ್ಯಾಯ, ರಾಜಮಣಿ ಮತ್ತು ಹ್ಯಾನ್ಸನ್ ಅವರು 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ವಾದವನ್ನು ಮಂಡಿಸಿದರು. ನೆಲ ಹಿಗ್ಗಿದ ಬೇರೆ ಬೇರೆ ತಾಣಗಳಲ್ಲಿ ಹುಟ್ಟಿದ ಲಾವಾಗಳು, ಅನಂತರ ಎರಡು ಭೂಖಂಡಗಳು ಸಮೀಪಿಸಿ ಕೂಡಿಕೊಂಡಾಗ, ಆ ಹೊಲಿಗೆಯ ಜಾಗದಲ್ಲಿ ಹಿಂಡಲ್ಪಟ್ಟು ಒಂದೇ ಪಟ್ಟಿಯಾದವು ಎಂಬುದು ಅದರ ಸಾರ. ಎಲ್ಲರೂ ಇದನ್ನು ಒಪ್ಪಿಲ್ಲ. ಬಿಸಿಶಿಲೆಯ ಕಂಬದಿಂದ ಉಕ್ಕಿದ ಭಾರವಾದ ಲಾವಾ ಇದ್ದಲ್ಲಿಯೇ ಕುಸಿದು ಮಡಿಕೆಯಾಯಿತೆಂಬ ಪಕ್ಷವೂ ಬಲವಾಗಿದೆ. ಆದರೆ ಎರಡು ಬದಿಯ ನೈಸುಗಳಿಗೂ ನಡುವಿನ ಎರಡು ಬಗೆಯ ಲಾವಾಗಳಿಗೂ ಒಟ್ಟಿಗೆ ಉತ್ತರ ಕೊಡುವಲ್ಲಿ ಹೊಲಿಗೆಯ ವಾದವೇ ಹೆಚ್ಚು ಸಮರ್ಪಕವೆಂದು ನನಗೆ ತೋರುತ್ತದೆ.

ಈ ವಿವಾದದ ಮುಂದಿನ ಪರೀಕ್ಷೆಗೆ ಆಕರಗಳ ಕೊರತೆ ಉಂಟಾಗಿರುವುದನ್ನು ಗಮನಿಸಬೇಕು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು; ಶಿಲೆಗಳ ಸಂಧಿಯನ್ನು ಅಷ್ಟು ಆಳದಲ್ಲಿ ಕಣ್ಣಾರೆ ಕಾಣಬಹುದಾದ ತಾಣಗಳು ಪ್ರಪಂಚದಲ್ಲಿಯೇ ವಿರಳ. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅಲ್ಲಿ ತಲೆಮಾರುಗಳ ಕಾಲ ದುಡಿದ ತಮಿಳು, ತೆಲುಗು, ಕನ್ನಡ ಮಾತಿನ ಕಾರ್ಮಿಕರಿಗೆ ಕಲ್ಲಿನ ಗುಣವನ್ನು ಗುರುತಿಸುವ ತಮ್ಮದೇ ಆದ ಪದಸಂಪತ್ತಿದೆ. 1802ರಲ್ಲಿ ಲೆಫ್ಟಿನೆಂಟ್ ವಾರನ್ ಇಲ್ಲಿ ಚಿನ್ನದ ಇರವನ್ನು ಅರಿತದ್ದೂ ಹಳ್ಳಿಗರು ತಂದ ಮಣ್ಣನ್ನು ತೊಳೆಸಿ ನೋಡಿಯೇ. ಆ ಪದಗಳ ಸಂಗ್ರಹಕಾರ್ಯ ಜಾನಪದ ಕ್ಷೇತ್ರದವರಿಂದ ಇನ್ನೂ ವ್ಯವಸ್ಥಿತವಾಗಿ ಆಗಬೇಕಾಗಿದೆ. ಆಳದ ಶಿಲೆಯನ್ನು ಮುಟ್ಟಿ ಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ನೆಲದ ಮೇಲೆ ಉಳಿದಿರುವ ಸಾಕ್ಷ್ಯಗಳಲ್ಲಿ ಪೆದ್ದಪಲ್ಲಿಯದು ಮುಖ್ಯವಾದುದು. ಅಲ್ಲಿನ ಜ್ವಾಲಾಮುಖಿ ಸಿಡಿತದ ಶಿಲೆಗಳನ್ನೂ ದಿಂಬಿನ ಲಾವಾಗಳನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸಿಡಿತದ ಶಿಲೆಯಲ್ಲಿ ಗ್ರಾನೈಟ್ ಮತ್ತು ನೈಸ್ ಚೂರುಗಳು ಹುದುಗಿವೆ. ಲಾವಾ ಸಿಡಿಯುವ ಹೊತ್ತಿಗೆ ಸಮೀಪದಲ್ಲಿ ಭೂಖಂಡದ ತೊಗಟೆ ಆಗಲೇ ಇತ್ತೆಂಬುದಕ್ಕೆ ಆ ಚೂರುಗಳೇ ಆಧಾರ. ಒಂದು ಹಿಡಿಯಷ್ಟು ಕಲ್ಲನ್ನು ಒಡೆದು ಒಯ್ದರೂ ಆ ಆಧಾರದ ಒಂದು ಪುಟ ಹರಿದಂತೆ.